ಥೀಬೇನ್: ಅಫೀಮಿನೊಳಗಿನ ವಿಷ, ಅಫೀಮಿನ ವಿಷಕ್ಕೆ ಮದ್ದು

ಅಫೀಮು ಎಂದ ಕೂಡಲೇ ನೆನಪಾಗುವುದು ಮಾರ್ಫಿನ್. ನೋವು ತಗ್ಗಿಸುತ್ತದೆ, ಮಂಪರು ತರುತ್ತದೆ, ಹೆಚ್ಚಾದರೆ ಉಸಿರು ನಿಲ್ಲಿಸುತ್ತದೆ. ಅದೇ ಗಸಗಸೆ ಕಾಯಿಯ ಹಾಲಿನಲ್ಲಿ, ಹೆಚ್ಚುಕಡಿಮೆ ಅದೇ ಚೌಕಟ್ಟಿನ ಇನ್ನೊಂದು ಆಲ್ಕಲಾಯ್ಡ್ (ಗಿಡಗಳಲ್ಲಿ ಹುಟ್ಟುವ, ಸಾರಜನಕ ಇರುವ ಪದಾರ್ಥ) ಇದೆ. ಅದರಿಂದ ಮಂಪರು ಬರುವುದಿಲ್ಲ, ನೋವಿನ ಮದ್ದಾಗಿಯೂ ಅದು ಬಳಕೆಗೆ ಬರುವುದಿಲ್ಲ. ಮೈಗೆ ಹೆಚ್ಚು ಹೋದರೆ ಸ್ಟ್ರಿಕ್ನಿನ್ ವಿಷವೇರಿದವರಂತೆ ಸ್ನಾಯುಗಳು ಸೆಟೆದುಕೊಂಡು ಸೆಳವು ಬರುತ್ತದೆ. ಇದೇ ಥೀಬೇನ್. ಇದನ್ನು ಇದ್ದ ಹಾಗೆಯೇ ಯಾವ ರೋಗಿಗೂ ಕೊಡುವುದಿಲ್ಲ. ಆದರೆ ಮಾರ್ಫಿನ್ ಜಾತಿಯ ಮದ್ದುಗಳನ್ನು ತಡೆಯುವ ನಲೋಕ್ಸೋನ್ ಮತ್ತು ನಾಲ್ಟ್ರೆಕ್ಸೋನ್, ಅವುಗಳ ಚಟದ ಚಿಕಿತ್ಸೆಗೆ ಬಳಸುವ ಬ್ಯುಪ್ರಿನಾರ್ಫಿನ್, ನೋವಿನ ಮದ್ದು ಆಕ್ಸಿಕೋಡೋನ್ ಇವೆಲ್ಲ ಕಾರ್ಖಾನೆಯಲ್ಲಿ ಹುಟ್ಟುವುದು ಬಹುಪಾಲು ಇದರಿಂದ, ಇಲ್ಲವೇ ಇದರ ಸಮೀಪದ ಬಂಧು ಓರಿಪವೀನ್‌ನಿಂದ.

ಯಾವ ಹಂತಕ್ಕೆ ಯಾವ ರಾಸಾಯನಿಕ, ಎಷ್ಟು ಬಿಸಿ ಎಂಬ ತಯಾರಿಕೆಯ ವಿವರಕ್ಕೆ ಇಲ್ಲಿ ಕೈಹಾಕುವುದಿಲ್ಲ. ಅದು ಪರವಾನಗಿ ಇರುವ ಕಾರ್ಖಾನೆಗಳ ಕೆಲಸ. ಅಣುವಿನಲ್ಲಿ ಏನು ಬದಲಾದರೆ ಮದ್ದಿನ ಗುಣ ಹೇಗೆ ಬದಲಾಗುತ್ತದೆ, ರೋಗಿಗೆ ಕೊಡುವಾಗ ಎಲ್ಲಿ ಎಡವುತ್ತೇವೆ ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಬೇಕಾದದ್ದು.

ಎರಡು ಜಲಜನಕದ ಲೆಕ್ಕ

ಥೀಬೇನನ್ನು 1835ರಲ್ಲಿ ಪೆಲೆಟಿಯೇ ಎಂಬ ಫ್ರೆಂಚ್ ರಸಾಯನಜ್ಞನ ಕಾರ್ಖಾನೆಯಲ್ಲಿ ತಿಬೂಮೆರಿ ಬೇರ್ಪಡಿಸಿದರು. ಮಾರ್ಫಿನ್ ಮತ್ತು ಇದರ ಘಟಕಗಳು ಒಂದೇ, ಜೋಡಣೆ ಮಾತ್ರ ಬೇರೆ ಎಂದು ಪೆಲೆಟಿಯೇ ತಿಳಿದು ‘ಪ್ಯಾರಾಮಾರ್ಫಿನ್’ ಎಂದು ಕರೆದ. ಅದು ಸರಿಯಲ್ಲ. ಮಾರ್ಫಿನ್‌ನಲ್ಲಿ 17 ಇಂಗಾಲ, 19 ಜಲಜನಕ, 1 ಸಾರಜನಕ, 3 ಆಮ್ಲಜನಕ ಪರಮಾಣುಗಳಿವೆ. ಥೀಬೇನ್‌ನಲ್ಲಿ ಇಂಗಾಲ 19, ಜಲಜನಕ 21, ಉಳಿದೆರಡು ಅಷ್ಟೇ.

ಈ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಾರ್ಫಿನ್‌ನ ಎರಡು ಹೈಡ್ರಾಕ್ಸಿಲ್ (ಆಮ್ಲಜನಕ–ಜಲಜನಕ) ಗುಂಪುಗಳ ಜಲಜನಕ ತೆಗೆದು ಒಂದೊಂದು ಮೀಥೈಲ್ (1 ಇಂಗಾಲ, 3 ಜಲಜನಕ) ಟೊಪ್ಪಿಗೆ ಹಾಕಿದರೆ 2 ಇಂಗಾಲ, 4 ಜಲಜನಕ ಹೆಚ್ಚಾಗಬೇಕು, ಅಂದರೆ ಜಲಜನಕ 23 ಆಗಬೇಕು. ಥೀಬೇನ್‌ನಲ್ಲಿರುವುದು 21. ಕಾಣೆಯಾದ ಆ ಎರಡು ಜಲಜನಕದ ಜಾಗದಲ್ಲಿ ಹೆಚ್ಚುವರಿ ಜೋಡಿಬಂಧವೊಂದಿದೆ. ಮಾರ್ಫಿನ್‌ನ ಇಂಗಾಲದ ಉಂಗುರವೊಂದರಲ್ಲಿ 7 ಮತ್ತು 8ನೇ ಇಂಗಾಲಗಳ ನಡುವೆ ಒಂದೇ ಜೋಡಿಬಂಧ. ಥೀಬೇನ್‌ನಲ್ಲಿ 6–7ರ ನಡುವೆ ಒಂದು, 8–14ರ ನಡುವೆ ಇನ್ನೊಂದು, ಹೀಗೆ ಒತ್ತಟ್ಟಿಗೆ ಎರಡು. ಇಂಥ ಅಕ್ಕಪಕ್ಕದ ಜೋಡಿಬಂಧಗಳ ಸಾಲಿಗೆ ರಸಾಯನಶಾಸ್ತ್ರದಲ್ಲಿ ಡೈಈನ್ ಎನ್ನುತ್ತಾರೆ. ಅದರ ಎರಡು ತುದಿಗಳು, ಇಲ್ಲಿ 6ನೇ ಮತ್ತು 14ನೇ ಇಂಗಾಲ, ಹೊಸ ಬಂಧಕ್ಕೆ ತುದಿಗಾಲಲ್ಲಿ ನಿಂತಿರುತ್ತವೆ. ಮುಂದೆ ಹೇಳುವ ಎಲ್ಲ ಮದ್ದುಗಳ ಬೇರು ಇಲ್ಲಿದೆ.

ಗಿಡದ ಒಳಗೂ ಥೀಬೇನ್ ಕೊನೆಯ ನಿಲ್ದಾಣವಲ್ಲ. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಹೊರಟ ದಾರಿ ರೆಟಿಕ್ಯುಲಿನ್, ಸಲುಟಾರಿಡಿನ್ ಹಾದು ಥೀಬೇನ್‌ಗೆ ಬರುತ್ತದೆ. ಅಲ್ಲಿಂದ ಒಂದು ಕಿಣ್ವ 6ನೇ ಇಂಗಾಲದ ಕಡೆಯ ಮೀಥೈಲನ್ನೂ ಇನ್ನೊಂದು ಕಿಣ್ವ 3ನೆಯದರ ಕಡೆಯದನ್ನೂ ಕಿತ್ತು, ಕೋಡೀನ್ ಮೂಲಕ ಮಾರ್ಫಿನ್ ಮಾಡುತ್ತವೆ. ಈ ಎರಡು ಕಿಣ್ವಗಳ ಜೀನ್‌ಗಳನ್ನು 2010ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಹೇಗಲ್ ಮತ್ತು ಫಚ್ಚಿನಿ ಗುರುತಿಸಿದರು. ಸಾಮಾನ್ಯ ಅಫೀಮಿನಲ್ಲಿ ಮಾರ್ಫಿನ್ ಶೇ. 10ರ ಆಸುಪಾಸಿನಲ್ಲಿದ್ದರೆ ಥೀಬೇನ್ ಬರೀ ಶೇ. 1ರ ಸುತ್ತಮುತ್ತ ಇರುವುದಕ್ಕೆ ಇದೇ ಕಾರಣ: ಆದಷ್ಟನ್ನು ಗಿಡವೇ ಮುಂದಕ್ಕೆ ಖರ್ಚು ಮಾಡಿಬಿಡುತ್ತದೆ.

14ನೇ ಇಂಗಾಲ ಮತ್ತು ಸಾರಜನಕ

ಮಾರ್ಫಿನ್‌ನ 14ನೇ ಇಂಗಾಲದಲ್ಲಿ ಒಂದು ಜಲಜನಕ ಬಿಗಿಯಾಗಿ ಕೂತಿದೆ. ಅಲ್ಲಿಗೆ ಆಮ್ಲಜನಕ ತರುವುದು ತ್ರಾಸದ ಕೆಲಸ. ಥೀಬೇನ್‌ನಲ್ಲಾದರೆ ಅದು ಡೈಈನ್‌ನ ತುದಿ, ಉತ್ಕರ್ಷಣೆಗೆ ಸುಲಭವಾಗಿ ಒಗ್ಗುತ್ತದೆ. 1916ರಲ್ಲಿ ಫ್ರಾಂಕ್‌ಫರ್ಟ್‌ನ ಫ್ರಾಯ್ಂಡ್ ಮತ್ತು ಸ್ಪೇಯರ್ ಈ ದಾರಿಯಿಂದಲೇ ಆಕ್ಸಿಕೋಡೋನ್ ಪಡೆದರು. 14ರಲ್ಲಿ ಹೈಡ್ರಾಕ್ಸಿಲ್, 6ರಲ್ಲಿ ಕೀಟೋನ್ (ಇಂಗಾಲಕ್ಕೆ ಜೋಡಿಬಂಧದಿಂದ ಕೂಡಿದ ಆಮ್ಲಜನಕ): ಥೀಬೇನ್ ಮೂಲದ ಅನೇಕ ಮದ್ದುಗಳ ಗುರುತು ಈ ಜೋಡಿಯೇ.

ಎರಡನೆಯ ಮುಖ್ಯ ಜಾಗ ಸಾರಜನಕ. ಅಲ್ಲಿ ಸಹಜವಾಗಿ ಇರುವುದು ಮೀಥೈಲ್. ಅದನ್ನು ತೆಗೆದು ಅಲೈಲ್ ಎಂಬ ಮೂರು ಇಂಗಾಲದ ಬಾಲ ಸೇರಿಸಿದರೆ ಅಣು ಒಪಿಯಾಯ್ಡ್ ಗ್ರಾಹಕದಲ್ಲಿ (ಒಪಿಯಾಯ್ಡ್ ಎಂದರೆ ಮಾರ್ಫಿನ್ ಜಾತಿಯ ಮದ್ದು; ಗ್ರಾಹಕ ಎಂದರೆ ಜೀವಕೋಶದ ಮೇಲೆ ಅದು ಕೂತು ಕೆಲಸ ಮಾಡುವ ಜಾಗ) ಹೋಗಿ ಕೂರುತ್ತದೆ, ಆದರೆ ಅದನ್ನು ಚಾಲೂ ಮಾಡುವುದಿಲ್ಲ. ಈ ಉಪಾಯವನ್ನು ಮೊದಲು ಮಾಡಿ ನೋಡಿದ್ದು ಮಾರ್ಫಿನ್ ಮೇಲೆಯೇ. 1940ರ ದಶಕದಲ್ಲಿ ಬಂದ ಆ ಮದ್ದಿನ ಹೆಸರು ನಾಲಾರ್ಫಿನ್. ಮಾರ್ಫಿನ್‌ನ ಪರಿಣಾಮವನ್ನು ಅದು ಇಳಿಸುತ್ತಿತ್ತು ನಿಜ. ಜೊತೆಗೆ ತಾನೇ ಭ್ರಮೆ, ತಳಮಳ ತರುತ್ತಿತ್ತು. ಮಾರ್ಫಿನ್ ಇಲ್ಲದವರಿಗೆ ಕೊಟ್ಟರೆ ಉಸಿರನ್ನೂ ತಗ್ಗಿಸುತ್ತಿತ್ತು. ಮೂರ್ಛೆಗೆ ಕಾರಣ ಖಚಿತವಿಲ್ಲದ ರೋಗಿಗೆ ಅಂಥದ್ದನ್ನು ಚುಚ್ಚುವುದು ಜೂಜು.

ಅದೇ ಅಲೈಲ್ ಬಾಲವನ್ನು 14ರಲ್ಲಿ ಹೈಡ್ರಾಕ್ಸಿಲ್, 6ರಲ್ಲಿ ಕೀಟೋನ್ ಇರುವ ಚೌಕಟ್ಟಿಗೆ ಅಂಟಿಸಿದಾಗ ಸಿಕ್ಕಿದ್ದು ನಲೋಕ್ಸೋನ್. ಲೆವೆನ್‌ಸ್ಟೈನ್ ಮತ್ತು ಫಿಶ್‌ಮನ್ ಅದರ ಪೇಟೆಂಟಿಗೆ ಅರ್ಜಿ ಹಾಕಿದ್ದು 1961ರಲ್ಲಿ. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1971ರಲ್ಲಿ. ಇದು ಬರೀ ತಡೆ: ಒಪಿಯಾಯ್ಡ್ ಇಲ್ಲದ ದೇಹದಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಅಲೈಲ್ ಬದಲು ಸೈಕ್ಲೋಪ್ರೊಪೈಲ್‌ಮೀಥೈಲ್ ಹಾಕಿದರೆ ನಾಲ್ಟ್ರೆಕ್ಸೋನ್. ಬಾಯಿಯ ಮೂಲಕವೂ ಕೆಲಸ ಮಾಡುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ನಾಲಾರ್ಫಿನ್ ಮತ್ತು ನಲೋಕ್ಸೋನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಥೀಬೇನ್‌ಗೆ ಇಷ್ಟು ಬೆಲೆ ಯಾಕೆ ಎಂಬುದು ತಿಳಿಯುತ್ತದೆ. ಬಾಲ ಎರಡಕ್ಕೂ ಒಂದೇ, ಮೂಲ ಅಣು ಬೇರೆ.

ಬ್ಯುಪ್ರಿನಾರ್ಫಿನ್‌ನ ದಾರಿ ಇನ್ನೊಂದು. ಡೈಈನ್‌ನ 6 ಮತ್ತು 14ನೇ ತುದಿಗಳನ್ನು ಎರಡು ಇಂಗಾಲಗಳ ಸೇತುವೆಯಿಂದ ಕೂಡಿಸಿ ಉಂಗುರವೊಂದನ್ನು ಹೆಚ್ಚಿಸುವುದು. ಕೆನೆತ್ ಬೆಂಟ್ಲಿ 1960ರ ಸುಮಾರಿಗೆ ಈ ಕೆಲಸಕ್ಕಿಳಿದಾಗ ಉಳಿದವರು ಮಾರ್ಫಿನ್ ಅಣುವನ್ನು ಸರಳ ಮಾಡುತ್ತ ಹೋಗುತ್ತಿದ್ದರು. ಈತ ತದ್ವಿರುದ್ಧವಾಗಿ ಅದನ್ನು ಇನ್ನಷ್ಟು ಜಟಿಲ, ಇನ್ನಷ್ಟು ಬಿಗಿ ಮಾಡಿದ. ಮೊದಲು ಸಿಕ್ಕಿದ್ದು ಎಟಾರ್ಫಿನ್, ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ತೀಕ್ಷ್ಣ. ಆನೆ, ಘೇಂಡಾಮೃಗಗಳನ್ನು ಕೆಡವಲು ಕೆಲವೇ ಮಿಲಿಗ್ರಾಂ ಸಾಕು. ಆಮೇಲೆ ಎಬ್ಬಿಸಲು ಅದೇ ಕುಟುಂಬದ ಡೈಪ್ರಿನಾರ್ಫಿನ್. ಮನುಷ್ಯರ ಚರ್ಮದ ಗಾಯಕ್ಕೋ ಕಣ್ಣಿಗೋ ಎಟಾರ್ಫಿನ್‌ನ ಹನಿ ತಾಗಿದರೂ ಪ್ರಾಣಕ್ಕೆ ಅಪಾಯ. ಹಾಗಾಗಿ ಬಾಣಕ್ಕೆ ಮದ್ದು ತುಂಬುವವರು ಕೈಗವಸು, ಮುಖಕವಚ ಧರಿಸುತ್ತಾರೆ. ಒಬ್ಬರೇ ಈ ಕೆಲಸ ಮಾಡಬಾರದು, ಪಕ್ಕದಲ್ಲಿ ನಲೋಕ್ಸೋನ್ ಸಿದ್ಧವಿರಬೇಕು. ಬ್ಯುಪ್ರಿನಾರ್ಫಿನ್ ಬಂದದ್ದು 1966ರಲ್ಲಿ, ಇಂಗ್ಲೆಂಡಿನ ಹಲ್ ಪಟ್ಟಣದ ರೆಕಿಟ್ ಆ್ಯಂಡ್ ಕೋಲ್ಮನ್ ಪ್ರಯೋಗಾಲಯದಿಂದ.

ಕಾರ್ಖಾನೆಯ ಕಷ್ಟಗಳೂ ಅದೇ ಡೈಈನ್‌ನಿಂದ ಹುಟ್ಟುತ್ತವೆ. ಆಮ್ಲದಲ್ಲಿ ಬಿಸಿ ಮಾಡಿದರೆ ಥೀಬೇನ್‌ನ ಚೌಕಟ್ಟೇ ಕಳಚಿ ಮರುಜೋಡಣೆಯಾಗುತ್ತದೆ. ಥೆಬೆನೀನ್, ಮಾರ್ಫೋಥೀಬೇನ್ ಎಂಬ ಕೆಲಸಕ್ಕೆ ಬಾರದ ಪದಾರ್ಥಗಳು ಉಳಿಯುತ್ತವೆ. ಎರಡನೆಯದು, ಆಕ್ಸಿಕೋಡೋನ್ ದಾರಿಯ ನಡುವಿನ ಪದಾರ್ಥವಾದ 14-ಹೈಡ್ರಾಕ್ಸಿಕೋಡೀನೋನ್ ಸಂಪೂರ್ಣವಾಗಿ ಹೋಗದೆ ಉಳಿಯುವುದು. ಅದರ ರಚನೆ ಡಿಎನ್‌ಎಗೆ ಹಾನಿ ಮಾಡಬಲ್ಲ ಬಗೆಯದು. ಆದ್ದರಿಂದ ಅಮೆರಿಕದ ನಿಯಂತ್ರಕರು ಅದಕ್ಕೆ ಹತ್ತು ಲಕ್ಷದಲ್ಲಿ 10 ಭಾಗದ ಮಿತಿ ಹಾಕಿದರು. ಇಲ್ಲಿ ಸತಾಯಿಸುವುದು ಇನ್ನೊಂದು ಕಲ್ಮಶ. ಮೊದಲ ಹಂತದಲ್ಲೇ ಹುಟ್ಟುವ, ಎರಡು ಹೈಡ್ರಾಕ್ಸಿಲ್ ಇರುವ ಉಪಪದಾರ್ಥವೊಂದು ಪರೀಕ್ಷೆಯಲ್ಲಿ ಸುಮ್ಮನೆ ಕೂತಿದ್ದು, ಕಡೆಯಲ್ಲಿ ಹೈಡ್ರೋಕ್ಲೋರೈಡ್ ಲವಣ ಮಾಡುವಾಗ ಆಮ್ಲದಲ್ಲಿ ನೀರು ಕಳೆದುಕೊಂಡು ಮತ್ತೆ ಅದೇ ಕಲ್ಮಶವಾಗುತ್ತದೆ. ಲವಣಕ್ಕೆ ಮುಂಚೆ ಶುದ್ಧವಾಗಿದ್ದ ಮಾಲು ಲವಣವಾದ ಮೇಲೆ ಮಿತಿ ಮೀರುವುದು ಹೀಗೆ. ಕೊನೆಯ ಲವಣವನ್ನೇ ಪರೀಕ್ಷಿಸದೆ ಬೇರೆ ದಾರಿಯಿಲ್ಲ.

ನಲೋಕ್ಸೋನ್ ಕೈಯಲ್ಲಿದ್ದಾಗ

ಒಪಿಯಾಯ್ಡ್ ಮಿತಿಮೀರಿದವರಲ್ಲಿ ಕಾಣುವ ಗುರುತು ಮೂರು: ಅಲ್ಲಾಡಿಸಿದರೂ ಎಚ್ಚರವಾಗುವುದಿಲ್ಲ, ಉಸಿರು ನಿಮಿಷಕ್ಕೆ 12ಕ್ಕಿಂತ ಕಡಿಮೆ, ಕೆಲವೊಮ್ಮೆ ಗೊರಗೊರ ಸದ್ದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಸಾವು ಬರುವುದು ಉಸಿರು ನಿಂತು. ಹಾಗಾಗಿ ಚಿಕಿತ್ಸೆಯ ಗುರಿ ಉಸಿರು, ಎಚ್ಚರವಲ್ಲ.

ಕೂಗಿ ಕರೆಯಿರಿ. ಗೆಣ್ಣುಗಳಿಂದ ಎದೆಮೂಳೆಯ ಮೇಲೆ ಗಟ್ಟಿಯಾಗಿ ಉಜ್ಜಿ. ಪ್ರತಿಕ್ರಿಯೆ ಇಲ್ಲದಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಿ. 4 ಮಿಲಿಗ್ರಾಂನ ಮೂಗಿನ ಸ್ಪ್ರೇ ಇದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಒಂದು ಹೊಳ್ಳೆಗೆ ನಳಿಕೆ ಪೂರ್ತಿ ಸೇರಿಸಿ, ಒಂದೇ ಸಲ ಒತ್ತಿ. ಸ್ಪ್ರೇ ಸರಿಯಿದೆಯೇ ನೋಡೋಣ ಎಂದು ಗಾಳಿಯಲ್ಲಿ ಒತ್ತಬಾರದು. ಅದರಲ್ಲಿರುವುದು ಒಂದೇ ಡೋಸು, ಅದು ಅಲ್ಲೇ ಹೋಗುತ್ತದೆ. ಉಸಿರು ನಿಂತಿದ್ದರೆ ಅಥವಾ ತೀರ ಕ್ಷೀಣವಾಗಿದ್ದರೆ 5 ಸೆಕೆಂಡಿಗೊಮ್ಮೆ ಬಾಯಿಯಿಂದ ಉಸಿರು ಕೊಡುತ್ತಿರಿ. ಮದ್ದು ಹಾಕಿಯಾಯಿತಲ್ಲ ಎಂದು ಇದನ್ನು ನಿಲ್ಲಿಸಬಾರದು. 2–3 ನಿಮಿಷದಲ್ಲಿ ಉಸಿರು ಸುಧಾರಿಸದಿದ್ದರೆ ಇನ್ನೊಂದು ಹೊಳ್ಳೆಗೆ ಹೊಸ ಸ್ಪ್ರೇ. ಉಸಿರು ಬಂದ ಮೇಲೆ ಮಗ್ಗುಲಿಗೆ ಮಲಗಿಸಿ, ವಾಂತಿಯಾದರೆ ಶ್ವಾಸನಾಳಕ್ಕೆ ಹೋಗದಿರಲಿ.

ಆಮೇಲಿನ ಒಂದೆರಡು ಗಂಟೆಯಲ್ಲೇ ಜನ ಮೋಸಹೋಗುವುದು. ನಲೋಕ್ಸೋನ್ ಕೆಲಸ ಮಾಡುವುದು 30ರಿಂದ 90 ನಿಮಿಷ. ನುಂಗಿದ ಮೆಥಡೋನ್ ಎಂಬ ದೀರ್ಘಾವಧಿಯ ಒಪಿಯಾಯ್ಡ್ ಅಥವಾ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ರಕ್ತದಲ್ಲಿರುತ್ತದೆ. ಎದ್ದು ಕೂತು ಮಾತಾಡಿದ ರೋಗಿ, ತಡೆ ಇಳಿದ ಮೇಲೆ ಮತ್ತೆ ಉಸಿರು ಕಳೆದುಕೊಳ್ಳಬಹುದು. ‘ಈಗ ಸರಿಹೋದೆ, ಮನೆಗೆ ಹೋಗ್ತೀನಿ’ ಎಂದರೆ ಬಿಡಬಾರದು.

ಆಸ್ಪತ್ರೆಯಲ್ಲಿ ವಯಸ್ಕರಿಗೆ ಸಾಮಾನ್ಯ ಮೊದಲ ಡೋಸು ರಕ್ತನಾಳಕ್ಕೆ 0.4ರಿಂದ 2 ಮಿಲಿಗ್ರಾಂ. ಬಹುಕಾಲದಿಂದ ಒಪಿಯಾಯ್ಡ್‌ಗೆ ಒಗ್ಗಿದ ದೇಹಕ್ಕೆ, ಉದಾಹರಣೆಗೆ ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವವರಿಗೆ, ಅಷ್ಟು ಒಮ್ಮೆಲೇ ಕೊಟ್ಟರೆ ನೋವು ಮರಳಿ ವಾಂತಿ, ನಡುಕ, ರಕ್ತದೊತ್ತಡದ ಏರಿಕೆ ಒಟ್ಟಿಗೆ ಬರುತ್ತವೆ. ಅಲ್ಲಿ 0.04 ಮಿಲಿಗ್ರಾಂನಿಂದ ಶುರುಮಾಡಿ, ಉಸಿರು ಸಾಕಷ್ಟು ಬರುವವರೆಗೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಒಟ್ಟು 10 ಮಿಲಿಗ್ರಾಂ ಕೊಟ್ಟರೂ ಏನೂ ಬದಲಾಗದಿದ್ದರೆ ರೋಗನಿದಾನವನ್ನೇ ಮತ್ತೆ ನೋಡಬೇಕು. ಮದ್ಯ, ನಿದ್ದೆಮಾತ್ರೆ, ತಲೆಗೆ ಪೆಟ್ಟು, ಸಕ್ಕರೆ ಇಳಿದಿರುವುದು, ಯಾವುದೂ ಆಗಿರಬಹುದು. ಥೀಬೇನ್‌ನಿಂದಲೇ ಸೆಳವು ಬಂದವರಿಗಂತೂ ನಲೋಕ್ಸೋನ್ ಉತ್ತರವಲ್ಲ, ಅದು ಆ ಗ್ರಾಹಕದ ವ್ಯವಹಾರವೇ ಅಲ್ಲ. ಅವರಿಗೆ ಬೇಕಾದ್ದು ಡಯಾಜೆಪಾಮ್ ಜಾತಿಯ ಸೆಳವು ತಡೆಯುವ ಮದ್ದು ಮತ್ತು ಉಸಿರಾಟದ ಆಸರೆ.

ಬ್ಯುಪ್ರಿನಾರ್ಫಿನ್: ಮೊದಲ ದಿನದ ತಪ್ಪು

ಬ್ಯುಪ್ರಿನಾರ್ಫಿನ್ ಗ್ರಾಹಕವನ್ನು ಅರೆಬರೆ ಚಾಲೂ ಮಾಡುತ್ತದೆ, ಆದರೆ ಹಿಡಿತ ಮಾತ್ರ ಬಲು ಗಟ್ಟಿ. ಒಂದು ಮಟ್ಟದ ಮೇಲೆ ಡೋಸು ಏರಿಸಿದರೂ ಉಸಿರಿನ ಮೇಲಿನ ಪರಿಣಾಮ ಅಷ್ಟಾಗಿ ಏರುವುದಿಲ್ಲ. ಒಪಿಯಾಯ್ಡ್ ಚಟದ ಚಿಕಿತ್ಸೆಗೆ ಇದು ಒದಗಿಬಂದದ್ದು ಇದೇ ಗುಣದಿಂದ. ಫ್ರಾನ್ಸ್ 1995ರಿಂದಲೇ ಇದನ್ನು ಸಾಮಾನ್ಯ ವೈದ್ಯರ ಕೈಗೆ ಕೊಟ್ಟಿತು. ಅಮೆರಿಕದ ಅನುಮತಿ 2002ರದ್ದು.

ಗಟ್ಟಿ ಹಿಡಿತವೇ ಮೊದಲ ದಿನ ತೊಂದರೆಗೂ ಕಾರಣ. ಹೆರಾಯಿನ್ ಇನ್ನೂ ಗ್ರಾಹಕದಲ್ಲಿ ಕೂತಿರುವಾಗ ಬ್ಯುಪ್ರಿನಾರ್ಫಿನ್ ಕೊಟ್ಟರೆ ಅದು ಹೆರಾಯಿನನ್ನು ತಳ್ಳಿ ಜಾಗ ಹಿಡಿಯುತ್ತದೆ. ಪೂರ್ತಿ ಚಾಲೂ ಇದ್ದ ಗ್ರಾಹಕ ಒಮ್ಮೆಲೇ ಅರ್ಧಕ್ಕೆ ಇಳಿಯುತ್ತದೆ. ಬೆವರು, ಹೊಟ್ಟೆನೋವು, ಭೇದಿ, ಮೈಕೈ ನೋವು ಗಂಟೆಯೊಳಗೆ ಅಪ್ಪಳಿಸುತ್ತವೆ. ಒಮ್ಮೆ ಹೀಗಾದ ರೋಗಿಯನ್ನು ಚಿಕಿತ್ಸೆಗೆ ಮತ್ತೆ ಕರೆತರುವುದು ಕಷ್ಟ. ಆದ್ದರಿಂದ ಹೆರಾಯಿನ್‌ನಂಥ ಅಲ್ಪಾವಧಿಯವುಗಳಾದರೆ ಕೊನೆಯ ಡೋಸಿನಿಂದ 12–24 ಗಂಟೆ, ಮೆಥಡೋನ್ ಆದರೆ 36–72 ಗಂಟೆ ಕಾಯುತ್ತಾರೆ. ಗಡಿಯಾರವೊಂದನ್ನೇ ನಂಬುವುದೂ ಸರಿಯಲ್ಲ. ಪಾಪೆ ಹಿಗ್ಗಿದೆಯೇ, ಮೂಗು ಸೋರುತ್ತಿದೆಯೇ, ಆಕಳಿಕೆ, ಮೈಯ ರೋಮ ನಿಮಿರುವುದು ಇದೆಯೇ ಎಂದು ಕಣ್ಣಾರೆ ನೋಡಿ ಅಂಕ ಹಾಕಬೇಕು. ಆಮೇಲೆ 2ರಿಂದ 4 ಮಿಲಿಗ್ರಾಂ, ನಾಲಿಗೆಯ ಕೆಳಗೆ.

ನಾಲಿಗೆಯ ಕೆಳಗೆ ಎಂಬುದು ಬರೀ ವಾಡಿಕೆಯ ಮಾತಲ್ಲ. ನುಂಗಿದರೆ ಯಕೃತ್ತು ಮೊದಲ ಸುತ್ತಿನಲ್ಲೇ ಬಹುಭಾಗವನ್ನು ಮುಗಿಸಿಬಿಡುತ್ತದೆ. ಮಾತ್ರೆ ಕರಗಲು 5–10 ನಿಮಿಷ ಬೇಕು; ಅಷ್ಟು ಹೊತ್ತು ಮಾತು, ಚಹಾ, ಎಂಜಲು ನುಂಗುವುದು ಬೇಡ. ಕರಗಿದ ಮೇಲೆ ಬಾಯಿಗೆ ನೀರು ಹಾಕಿ ಮುಕ್ಕಳಿಸಿ ನುಂಗಬೇಕು, ಒಂದು ಗಂಟೆ ಬಿಟ್ಟು ಹಲ್ಲುಜ್ಜಬೇಕು. 2022ರಲ್ಲಿ ಅಮೆರಿಕದ ಔಷಧ ಇಲಾಖೆ ಹಲ್ಲು ಹಾಳಾಗುವ ಬಗ್ಗೆ ಎಚ್ಚರಿಕೆ ಕೊಟ್ಟಾಗ ಹೇಳಿದ ಕ್ರಮ ಇದೇ. ಒಂದೇ ಮಾತ್ರೆಯಲ್ಲಿ 4 ಪಾಲು ಬ್ಯುಪ್ರಿನಾರ್ಫಿನ್‌ಗೆ 1 ಪಾಲು ನಲೋಕ್ಸೋನ್ ಬೆರೆಸಿರುವುದನ್ನು ನೋಡಿ ಹಲವರು ಗಾಬರಿಯಾಗುತ್ತಾರೆ. ನಾಲಿಗೆಯ ಕೆಳಗೆ ನಲೋಕ್ಸೋನ್ ಹೆಚ್ಚು ಹೀರಲ್ಪಡುವುದಿಲ್ಲ. ಪುಡಿಮಾಡಿ ಚುಚ್ಚಿಕೊಂಡರೆ ಮಾತ್ರ ಚುರುಕು ಮುಟ್ಟಿಸುತ್ತದೆ.

ನಾಲ್ಟ್ರೆಕ್ಸೋನ್ ಬಗ್ಗೆ ಎರಡೇ ಮಾತು. ಶುರುವಿಗೆ ಮುಂಚೆ 7–10 ದಿನ ಒಪಿಯಾಯ್ಡ್ ಸಂಪೂರ್ಣ ಬಿಟ್ಟಿರಬೇಕು, ಇಲ್ಲವಾದರೆ ಬರುವ ಯಾತನೆ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಇನ್ನೊಂದು, ದಿನದ 50 ಮಿಲಿಗ್ರಾಂ ಮಾತ್ರೆಯನ್ನಾಗಲಿ ತಿಂಗಳ 380 ಮಿಲಿಗ್ರಾಂ ಚುಚ್ಚುಮದ್ದನ್ನಾಗಲಿ ನಿಲ್ಲಿಸಿದವರಲ್ಲಿ ಹಳೆಯ ಸಹನಶಕ್ತಿ ಉಳಿದಿರುವುದಿಲ್ಲ. ಮೊದಲಿನ ಡೋಸಿಗೇ ಮರಳಿದರೆ ಅದೇ ಕೊನೆಯದಾಗಬಹುದು.

ಹೊಲದಿಂದ

ಥೀಬೇನ್‌ಗೆ ಇಷ್ಟು ಬೇಡಿಕೆ ಬಂದಾಗ ಶೇ. 1ರ ಅಫೀಮು ಸಾಲದಾಯಿತು. 1970ರ ದಶಕದಲ್ಲಿ ಕಣ್ಣು ಬಿದ್ದದ್ದು ಇರಾನ್ ಮತ್ತು ಕಾಕಸಸ್ ಕಡೆಯ ‘ಪಪಾವರ್ ಬ್ರಾಕ್ಟಿಯಾಟಮ್’ ಎಂಬ ಕೆಂಪು ಹೂವಿನ ಬಹುವಾರ್ಷಿಕ ಗಿಡದ ಮೇಲೆ. ಅದರ ಮುಖ್ಯ ಆಲ್ಕಲಾಯ್ಡೇ ಥೀಬೇನ್. ಆದರೆ ಗೆದ್ದದ್ದು ಸಾಮಾನ್ಯ ಗಸಗಸೆಯ ಮ್ಯುಟೆಂಟ್ (ಜೀನ್ ಬದಲಾದ) ತಳಿ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 1990ರ ದಶಕದಲ್ಲಿ ಬೆಳೆಸಿದ, ಟಾಪ್-1 ಎಂದು ಕರೆಯುವ ಈ ತಳಿಯಲ್ಲಿ ಮುಂದಿನ ಹಂತಗಳು ಅಡ್ಡಿಗೊಂಡು ದಾರಿ ಥೀಬೇನ್, ಓರಿಪವೀನ್‌ಗಳಲ್ಲೇ ನಿಲ್ಲುತ್ತದೆ. ಅದರ ವಿವರ 2004ರಲ್ಲಿ ಪ್ರಕಟವಾಯಿತು. ಅಲ್ಲಿ ಕಾಯಿಗೆ ಗೀರು ಹಾಕುವುದಿಲ್ಲ. ಒಣಗಿದ ಕಾಯಿಯನ್ನು ಯಂತ್ರದಿಂದ ಕೊಯ್ದು, ಬೀಜ ಬೇರ್ಪಡಿಸಿ, ಹೊಟ್ಟಿನಿಂದ ದ್ರಾವಕದಲ್ಲಿ ಸಾರ ತೆಗೆಯುತ್ತಾರೆ. ಹಂಗೇರಿಯ ಯಾನೋಶ್ ಕಾಬಾಯ್ ಎರಡು ಮಹಾಯುದ್ಧಗಳ ನಡುವೆ ರೂಪಿಸಿದ ಕ್ರಮವಿದು. ಹೊಲದ ಬೇಲಿಯ ಮೇಲೆ ಸಾವಿನ ಎಚ್ಚರಿಕೆಯ ಫಲಕಗಳಿವೆ. ಅದು ಬೆದರುಬೊಂಬೆಯಲ್ಲ: ಅಮಲಿನ ಆಸೆಗೆ ಆ ಕಾಯಿ ಕುದಿಸಿ ಕುಡಿದವರಿಗೆ ಸಿಗುವುದು ಮಾರ್ಫಿನ್ ಅಲ್ಲ, ಸೆಳವು.

ಗೀರು ಹಾಕಿ ಹಾಲು ಸಂಗ್ರಹಿಸುವ ಹಳೆಯ ಕ್ರಮ ಕಾನೂನುಬದ್ಧ ರಫ್ತಿಗಾಗಿ ಉಳಿದಿರುವುದು ಭಾರತದಲ್ಲಿ. ಆ ಅಫೀಮು ಸೇರುವುದು ಗಾಜಿಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳಿಗೆ. ಅಮಲು ತರದಿದ್ದರೂ ಥೀಬೇನ್ 1961ರ ಅಂತರರಾಷ್ಟ್ರೀಯ ಮಾದಕವಸ್ತು ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಮಾದಕವಸ್ತು ನಿಯಂತ್ರಣದ ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೂ ಮಾರ್ಫಿನ್, ಕೋಡೀನ್ ಜೊತೆಗೆ ಹೆಸರು ಹಿಡಿದು ಸೇರಿಸಿದ್ದಾರೆ. ಅದರಿಂದ ಏನಾಗಬಲ್ಲದು ಎಂಬುದನ್ನು ನೋಡಿ ಹಾಕಿದ ನಿರ್ಬಂಧ ಅದು, ಸರಿಯಾದದ್ದೇ.

ಹೊಲವೇ ಇಲ್ಲದೆ ಥೀಬೇನ್ ಮಾಡಬಹುದೇ? 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟಿನಾ ಸ್ಮೋಲ್ಕೆ ತಂಡ ಯೀಸ್ಟ್‌ಗೆ ಬೇರೆ ಬೇರೆ ಜೀವಿಗಳ ಕಿಣ್ವಗಳನ್ನು ಸೇರಿಸಿ, ಸಕ್ಕರೆಯಿಂದ ಥೀಬೇನ್‌ವರೆಗಿನ ದಾರಿಯನ್ನು ಪೂರ್ತಿ ಮಾಡಿ ತೋರಿಸಿತು. ಇಳುವರಿ ಮಾತ್ರ ತೀರ ಕಡಿಮೆ, ಒಬ್ಬ ರೋಗಿಯ ಒಂದು ಡೋಸಿಗೆ ಸಾವಿರಾರು ಲೀಟರ್ ಯೀಸ್ಟ್ ಬೇಕಾಗುತ್ತಿತ್ತು. ಗಿಡದಲ್ಲಿ ಕೊನೆಯ ಉಂಗುರ ಮುಚ್ಚುವ ‘ಥೀಬೇನ್ ಸಿಂಥೇಸ್’ ಎಂಬ ಕಿಣ್ವ ಸಿಕ್ಕಿದ್ದು 2018ರಲ್ಲಿ. ಅಲ್ಲಿಯವರೆಗೆ ಆ ಹಂತ ತಾನಾಗಿಯೇ ನಡೆಯುತ್ತದೆ ಎಂದೇ ತಿಳಿದಿದ್ದರು.

ಅಡುಗೆಯ ಗಸಗಸೆಯಲ್ಲಿ ಇದು ಇರುತ್ತದೆಯೇ ಎಂಬ ಪ್ರಶ್ನೆ ಸಹಜ. ಬೀಜದ ಒಳಗೆ ಆಲ್ಕಲಾಯ್ಡ್ ಇಲ್ಲವೆನ್ನುವಷ್ಟು ಕಡಿಮೆ. ಕೊಯ್ಲಿನಲ್ಲಿ ಕಾಯಿಯ ಹಾಲು, ಪುಡಿ ಹೊರಮೈಗೆ ಅಂಟಿಕೊಳ್ಳುತ್ತದೆ. ತೊಳೆದರೆ, ಬೇಯಿಸಿದರೆ ಬಹುಪಾಲು ಇಳಿಯುತ್ತದೆ. ಔಷಧ ತಳಿಯ ಬೀಜ ಆಹಾರದ ಸರಕಿನಲ್ಲಿ ಬೆರೆತರೆ ಮಾತು ಬೇರೆ: 2022ರ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಹಾಗಾಗಿ, ಗಸಗಸೆ ಚಹಾ ಕುಡಿದವರು ಸೆಳವಿನಿಂದ ಆಸ್ಪತ್ರೆ ಸೇರಿದರು, ಅಂಗಡಿಗಳಿಂದ ಪೊಟ್ಟಣಗಳನ್ನು ವಾಪಸ್ ತರಿಸಿದರು. ಐರೋಪ್ಯ ಒಕ್ಕೂಟ ಅದೇ ವರ್ಷದ ಜುಲೈನಿಂದ ಗಸಗಸೆ ಬೀಜಕ್ಕೆ ಕಿಲೋಗೆ 20 ಮಿಲಿಗ್ರಾಂ ಮಿತಿ ಜಾರಿಗೆ ತಂದಿದೆ. ಆದರೆ ಆ ಲೆಕ್ಕ ಪೂರ್ತಿ ಮಾರ್ಫಿನ್‌ಗೆ ಕೋಡೀನ್‌ನ ಐದನೇ ಒಂದು ಭಾಗವನ್ನು ಸೇರಿಸಿದ್ದು, ಥೀಬೇನ್ ಅದರಲ್ಲಿಲ್ಲ.

ಇನ್ನು ಮೂತ್ರಪರೀಕ್ಷೆ. ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಂಡು ಹೆರಾಯಿನ್ ಸಂಶಯ ಬರುವುದುಂಟು. ಆಗ ಪ್ರಯೋಗಾಲಯ ಥೀಬೇನನ್ನೂ ಹುಡುಕುತ್ತದೆ. ಹೆರಾಯಿನ್ ತಯಾರಿಕೆಯಲ್ಲಿ ಥೀಬೇನ್ ಬೇರೆ ಪದಾರ್ಥವಾಗಿ ಒಡೆದುಹೋಗುವುದರಿಂದ, ಮೂತ್ರದಲ್ಲಿ ಅದು ಹಾಗೆಯೇ ಸಿಕ್ಕರೆ ಗಸಗಸೆ ತಿಂದದ್ದಕ್ಕೆ ಸಾಕ್ಷಿ. ಸಿಗದಿದ್ದರೆ ಏನನ್ನೂ ತೀರ್ಮಾನಿಸಲಾಗದು. ಸ್ವಲ್ಪವೇ ತಿಂದಿದ್ದರೆ ಅಥವಾ ತಡವಾಗಿ ಮಾದರಿ ತೆಗೆದಿದ್ದರೆ ಅದು ಮೊದಲೇ ಮಾಯವಾಗಿರುತ್ತದೆ. ಹಾಗಾಗಿ ಇಂಥ ವರದಿಯಲ್ಲಿ ಥೀಬೇನ್ ‘ಇಲ್ಲ’ ಎಂಬ ಸಾಲನ್ನಷ್ಟೇ ಹಿಡಿದು ಯಾರ ಕೆಲಸವನ್ನೂ ಕಿತ್ತುಕೊಳ್ಳಬಾರದು. ಹೆರಾಯಿನ್‌ಗೇ ವಿಶಿಷ್ಟವಾದ 6-ಅಸಿಟೈಲ್‌ಮಾರ್ಫಿನ್ ಇದೆಯೇ ಎಂದೂ ನೋಡಿಸಬೇಕು.